ಇನ್ನೂರ ಹತ್ತು

ಶನಿವಾರ ಸಂಜೆ ಎಣಿಸುವ ಕೆಲಸ ನನ್ನದು.
ನ್ಯೂ ಬೆಡ್‌ಫರ್ಡಿನಲ್ಲಿ, ಮುಚ್ಚಿದ ಹತ್ತಿ ಗಿರಣಿಯ ಬೆನ್ನಿಗೆ
ಒರಗಿ ನಿಂತ ಚರ್ಚು.
ಪರಮಪ್ರಸಾದದ ಬಿಲ್ಲೆಗಳನ್ನು ಹತ್ತು ಹತ್ತಾಗಿ
ಬಟ್ಟಲಿಗೆ ಇಳಿಸುತ್ತೇನೆ.
ಇನ್ನೂ ಅವು ಬರಿಯ ಹಿಟ್ಟು, ನೀರು.
ಮುರಿದದ್ದು ಸಿಕ್ಕರೆ ಬಾಯಿಗೆ ಹಾಕಿಕೊಳ್ಳಬಹುದು;
ನಾಳೆ ಹತ್ತೂವರೆಯ ನಂತರ ಮಾತು ಬೇರೆ.

ಇನ್ನೂರ ಹತ್ತು.
ಅಥವಾ ಇನ್ನೂರ ಒಂಬತ್ತೇ?

ಮೇಣದ ತುಂಡುಗಳ ಡ್ರಾಯರಿನಲ್ಲಿ ಬಿಷಪ್ಪರ ಕಾಗದವಿದೆ.
ಫಾದರ್ ಕೀಗನ್ ಓದಿ, ಮಡಿಸಿ, ಬಿಡಿಸಿ, ಮತ್ತೆ ಓದಿ
'ಲಿಯೊಂಟೀನಾ, ಇದನ್ನೆಲ್ಲಾದರೂ ಇಡು' ಎಂದರು.
ಎಲ್ಲಿಟ್ಟೆ ಎಂದು ಈವರೆಗೆ ಕೇಳಿಲ್ಲ.
ಕಾಗದದಲ್ಲಿ ಹೆಸರಿಲ್ಲ. ಬೇಕಾಗಿಯೂ ಇಲ್ಲ.
ಈ ಕೇರಿಯಿಂದ ಸೆನೆಟಿಗೆ ಹೋದವಳು ಒಬ್ಬಳೇ,
ಮೀನಂಗಡಿ ಮೆಡೇರೊಸ್‌ನ ಮಗಳು ಗ್ರಸಿಂಡ,
ಗರ್ಭಪಾತದ ಹಕ್ಕಿನ ಮಸೂದೆಗೆ ಕೈಯೆತ್ತಿದವಳು.
ಎಡಗಡೆಯ ಐದನೇ ಬೆಂಚು.
ತಡವಾಗಿ ಬಂದು ಮೊಣಕಾಲೂರಿದರೆ
ಬೇಗ ಏಳುವವಳಲ್ಲ.

ಮೆಟ್ಟಿಲ ಬಳಿ ಹಿಮದಲ್ಲಿ ನಿಂತು
ಅನಿಬಲ್ ಪಚೆಕೊ ಕರಪತ್ರ ಹಂಚುತ್ತಾನೆ:
ಅವಳಿಗೆ ಕೊಟ್ಟರೆ ನಾವು ಮುಟ್ಟುವುದಿಲ್ಲ.
ಅವನ ಹೆಂಡತಿ ನಾಲ್ಕು ಸಲ ಬಸುರಾಗಿ ನಾಲ್ಕು ಸಲವೂ
ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದವಳು.
ಅವನ ಸಿಟ್ಟನ್ನು ಹಗುರ ಮಾಡಲಾರೆ ನಾನು.

ನನ್ನಕ್ಕ ಬೆಲ್ಮೀರಾ. ಅರವತ್ತೆರಡನೇ ಇಸವಿ.
ಹತ್ತೊಂಬತ್ತು ವಯಸ್ಸು, ಹೊಲಿಗೆ ಕಾರ್ಖಾನೆ,
ಯಾರದೋ ಮನೆಯ ಹಿಂದಿನ ಕೋಣೆ, ಯಾರದೋ ಕೈ.
ಮೂರು ದಿನ ಜ್ವರ. ಅಮ್ಮ ಬದಲಿಸಿದ ಹಾಸುಬಟ್ಟೆ
ಹನ್ನೊಂದು. ಆಗಲೂ ನಾನು ಎಣಿಸುತ್ತಿದ್ದೆ.
ಆಗಿನ ಪಾದ್ರಿ ಬಾಗಿಲತನಕ ಬಂದರು,
ಪ್ರಸಾದದ ಡಬ್ಬಿ ಎದೆಯ ಜೇಬಿನಲ್ಲಿತ್ತು.
ಪಶ್ಚಾತ್ತಾಪ ಉಂಟೇ ಎಂದರು.
ಅವಳು ನೀರು ಕೇಳಿದಳು.
ಡಬ್ಬಿ ಜೇಬಿನಲ್ಲೇ ಉಳಿಯಿತು.

ನನ್ನ ಮಗ ಡುವಾರ್ಟೆ. ಅವನಿನ್ನೂ ಹೊಟ್ಟೆಯಲ್ಲಿದ್ದಾಗ
ಡಾಕ್ಟರು ಕ್ರೋಮೋಸೋಮು ಎಣಿಸಿ
ಒಂದು ಹೆಚ್ಚಿದೆ ಎಂದರು.
ತೆಗೆಸಲು ದಿನ ಕೊಟ್ಟರು: ಮಂಗಳವಾರ, ಒಂಬತ್ತು ಗಂಟೆ.
ಧರ್ಮಕ್ಕೆ ಹೆದರಿಯಲ್ಲ, ಧೈರ್ಯವೂ ಅಲ್ಲ,
ಬಸ್ಸು ತಪ್ಪಿತು, ಮುಂದಿನದಕ್ಕೆ ಕಾಯಲಿಲ್ಲ,
ಮನೆಗೆ ಬಂದು ಸೊಪ್ಪಿನ ಸಾರು ಮಾಡಿದೆ.
ಜನ ಅದನ್ನು ಸಾಕ್ಷಿ ಎನ್ನುತ್ತಾರೆ.
ಕರಪತ್ರಕ್ಕೆ ಡುವಾರ್ಟೆಯ ಫೋಟೊ ಕೇಳಿದ ಅನಿಬಲ್.
ಕೊಡಲಿಲ್ಲ.
ಗ್ರಸಿಂಡ ಯಾವತ್ತೂ ಕೇಳಲಿಲ್ಲ; ಅದೂ ಒಂದು ಲೆಕ್ಕ.

ಭಾನುವಾರ ಸಾಲು ಹೊರಟಿತು.
ಮೂವತ್ತೆಂಟರ ಡುವಾರ್ಟೆ, ಬಿಳಿ ನಿಲುವಂಗಿ, ಬಿಚ್ಚಿದ ಶೂ ಲೇಸು,
ಒಂದೊಂದು ಗದ್ದದ ಕೆಳಗೂ ಹಿತ್ತಾಳೆ ತಟ್ಟೆ ಹಿಡಿಯುತ್ತಾನೆ.
ಚೂರೂ ನೆಲಕ್ಕೆ ಬೀಳಬಾರದು.
ಗದ್ದಗಳಲ್ಲಿ ಅವನಿಗೆ ಎರಡೇ ಜಾತಿ:
ಗಡ್ಡ ಚುಚ್ಚುವವು, ಚುಚ್ಚದವು.

ಗ್ರಸಿಂಡ ಮುಂದೆ ಬಂದಳು.
ಫಾದರ್ ಕೀಗನ್ನರ ಎರಡು ಬೆರಳ ನಡುವೆ
ಬಿಲ್ಲೆ ಗಾಳಿಯಲ್ಲೇ ನಿಂತಿತು.
ಅನಿಬಲ್ ಕೆಮ್ಮಿದ. ಗೋಡೆಯ ಕಾವುಕೊಳವೆ ಟಕ್ಕೆಂದಿತು.
ಅವಳು ಎದೆಯ ಮೇಲೆ ಕೈಕಟ್ಟಿದಳು,
ಆಶೀರ್ವಾದ ಸಾಕು ಎಂಬಂತೆ;
ಅವರ ಎಡಗೈ ಅವಳ ತಲೆಯ ಕಡೆ ಹೊರಟಿತು.
ತಟ್ಟೆ ಮಾತ್ರ ಕದಲಲಿಲ್ಲ.

'ಇನ್ನೂ ಕೊಟ್ಟಿಲ್ಲ' ಎಂದ ಡುವಾರ್ಟೆ,
ಚರ್ಚಿನಲ್ಲಿ ಮೆಲ್ಲಗೆ ಮಾತಾಡಲು
ಅವನಿಗೆ ಎಂದೂ ಬಂದಿಲ್ಲ.

ಆಗ ನಾನು ಕಣ್ಣು ಮುಚ್ಚಿದೆ. ಹೇಡಿ ಎನ್ನಿ.

ಬಾಗಿಲಲ್ಲಿ ಎಲ್ಲರೂ ಕೇಳಿದರು,
ಕಂಬದ ಬಳಿ ನೀನಿದ್ದೆಯಲ್ಲ, ಕೊಟ್ಟರೇ?
ಬಟ್ಟಲು ತೆರೆದು ಎರಡು ಸಲ ಎಣಿಸಿದೆ.
ತೆಗೆದುಕೊಂಡವರು ನೂರ ತೊಂಬತ್ತಮೂರು ಎಂದ, ಬಾಗಿಲು ಕಾಯುವವ.
ಉಳಿದದ್ದು ಹದಿನಾರು.
ಮೊದಲು ಇದ್ದದ್ದು ಇನ್ನೂರ ಹತ್ತೋ,
ಇನ್ನೂರ ಒಂಬತ್ತೋ.

ತಟ್ಟೆಯ ಅಂಚಿನಲ್ಲಿ
ಸಾಸಿವೆಯಷ್ಟು ಒಂದು ಚೂರು.
ಯಾರ ತುಟಿಯದೋ.
ನೀರು ಹಾಕಿ, ತಿರುಗಿಸಿ,
ಕುಡಿದೆ.